ಲೈಟ್ ರೈಲು ಬಂದ ಮೇಲೆ ಎಡಗಣ್ಣು

ಇವತ್ತು ನಾನು ಮಾಡಿದ ಕೆಲಸಗಳಿವು: ಹಾಲು ಕಾಯಿಸಿದೆ, ಕಣದಲ್ಲಿ ಹರಡಿದ್ದ ಕಾಳುಮೆಣಸನ್ನು ಕಾಲಿನಲ್ಲೇ ಕೆದಕಿ ತಿರುವಿದೆ, ಮಾವಿನಮಿಡಿಗೆ ಉಪ್ಪು ಬೆರೆಸಿ ಭರಣಿಯ ಬಾಯಿ ಕಟ್ಟಿದೆ, ಅತ್ತೆಯವರ ಬಲಗಣ್ಣಿಗೆ ಔಷಧದ ಹನಿ ಹಾಕಿದೆ, ಮಿಕ್ಸಿಯ ಮುಚ್ಚಳ ಹುಡುಕಿದೆ, ನಾದಿನಿಯ ಗಂಡನೊಡನೆ ನಗರ ಸಾರಿಗೆಯ ಬಗ್ಗೆ ವಾದ ಮಾಡಿ ಗೆದ್ದೆ. ಕೊನೆಯದೊಂದನ್ನು ಬಿಟ್ಟಿದ್ದರೆ ದಿನ ಸುಸೂತ್ರವಾಗಿ ಮುಗಿಯುತ್ತಿತ್ತು. ವಾದ ಮಾಡುವುದನ್ನು ಎಲ್ಲರೂ ಕಲಿತಿರುತ್ತಾರೆ. ಗೆದ್ದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ರೈಲಿನ ಹಳಿ ಎಂಬುದೇ ಇಲ್ಲ. ಮದುವೆಯಾಗಿ ಜಾವಳಿ ಕಡೆಯ ಈ ಮನೆಗೆ ಬಂದ ಮೇಲೆ ನಾನು ರೈಲಿನ ಸದ್ದು ಕೇಳಿದ್ದೆಲ್ಲ ಹೆಚ್ಚಾಗಿ ಟೀವಿಯಲ್ಲೇ. ಅಂಥವಳು ಮೆಟ್ರೊ ಮೇಲೋ ಲೈಟ್ ರೈಲು ಮೇಲೋ ಎಂದು ಹೇಳಹೊರಡುವುದು, ಮೀನು ತಿನ್ನದವರು ಬಂಗುಡೆ ರುಚಿಯೋ ಬೂತಾಯಿ ರುಚಿಯೋ ಎಂದು ತೀರ್ಪು ಕೊಟ್ಟ ಹಾಗೆ. ಆದರೂ ಹೇಳಿದೆ. ಅದಕ್ಕೆ ಕಾರಣ ಅತ್ತೆಯವರ ಕಣ್ಣು.

ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಂಗಳೂರಿನಲ್ಲಿರುವ ನಾದಿನಿ ಸುಧಾ, ತನ್ನ ಪರಿಚಯದ ಡಾಕ್ಟರೇ ಆಗಬೇಕೆಂದು ಹಟ ಹಿಡಿದು ಅತ್ತೆಯವರನ್ನೂ ಜೊತೆಗೆ ನನ್ನನ್ನೂ ಕರೆಸಿಕೊಂಡು ಬಲಗಣ್ಣಿನ ಆಪರೇಷನ್ ಮಾಡಿಸಿದಳು. ಮಾರನೆಯ ದಿನ ತೋರಿಸಿಕೊಂಡು ಬರಲು ನಾನೂ ಅತ್ತೆಯೂ ಮೆಟ್ರೊದಲ್ಲಿ ಹೊರಟೆವು. ಎಡವಟ್ಟಾದದ್ದು ಆಗಲೇ.

ನಮ್ಮ ಕಡೆ ಬಸ್ಸು ಹಿಡಿಯುವುದಕ್ಕೆ ಒಂದು ಪದ್ಧತಿಯಿದೆ. ಮನೆಯಿಂದ ರಸ್ತೆಗೆ ತೋಟದೊಳಗೆ ಹತ್ತಿಳಿದು ಬರಬೇಕಾದ್ದರಿಂದ ಇಡೀ ಸಂಸಾರ ಒಂದೇ ಸಲಕ್ಕೆ ರಸ್ತೆ ಮುಟ್ಟುವುದಿಲ್ಲ. ಮೊದಲು ತಲುಪಿದವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಬಿಟ್ಟು, “ಬರ್ತಿದಾರೆ, ಬಂದೇಬಿಟ್ರು” ಎನ್ನುತ್ತಿರಬೇಕು. ಆ ಕಾಲು ಇರುವಷ್ಟು ಹೊತ್ತು ಬಸ್ಸು ಕದಲುವುದಿಲ್ಲ. ಡ್ರೈವರು ಹಾರನ್ ಹೊಡೆಯುತ್ತಾನೆ, “ಇನ್ನೂ ಸೀರೆ ಉಡ್ತಿದಾರಾ ಅಮ್ಮ?” ಎಂದು ಹಂಗಿಸುತ್ತಾನೆ, ಬಿಟ್ಟು ಮಾತ್ರ ಹೋಗುವುದಿಲ್ಲ. ಅತ್ತೆಯವರು ಈ ವಿದ್ಯೆಯಲ್ಲಿ ಪಳಗಿದವರು. ಒಮ್ಮೆ ಒಂದು ಕಾಲಿನಲ್ಲೇ ಹೊರನಾಡಿನ ಬಸ್ಸನ್ನು ತಡೆದು, ಮನೆಯಲ್ಲಿ ಮರೆತು ಬಂದಿದ್ದ ಹಣ್ಣುಕಾಯಿ ತರಿಸಿಕೊಂಡಿದ್ದರು.

ಅವತ್ತು ಮೆಟ್ರೊ ಬಂದು ನಿಂತಾಗ ನಾನು ಬೆಂಚಿನ ಮೇಲಿದ್ದ ಫ್ಲಾಸ್ಕ್ ತೆಗೆದುಕೊಳ್ಳಲು ಹಿಂದಕ್ಕೆ ತಿರುಗಿದೆ. ಅತ್ತೆ ವಾಡಿಕೆಯಂತೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, “ಸ್ವಲ್ಪ ನಿಲ್ಸಿ, ಸೊಸೆ ಬರ್ತಿದಾಳೆ” ಎಂದರು. ಬಾಗಿಲು ಕುಂಯ್ ಎಂದಿತು. ಹತ್ತಿರ ಬಂತು, ಕಾಲು ತಾಗಿ ಹಿಂದೆ ಸರಿಯಿತು, ಮತ್ತೆ ಬಂತು. ಒಳಗಿದ್ದ ಯಾರೋ ಪುಣ್ಯಾತ್ಮರು ಗಾಬರಿಯಿಂದ ಅವರನ್ನು ಒಳಕ್ಕೆ ಎಳೆದುಕೊಂಡರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ ನಮ್ಮ ಅತ್ತೆಯವರನ್ನು ಕರೆದುಕೊಂಡು ಮೆಟ್ರೊ ಹೊರಟುಹೋಯಿತು. ನಾನು ಫ್ಲಾಸ್ಕ್ ಹಿಡಿದು ನಿಂತಿದ್ದೆ.

ಮುಂದಿನ ನಿಲ್ದಾಣದಲ್ಲಿ ಕಾಲೇಜು ಹುಡುಗಿಯೊಬ್ಬಳು ಅವರನ್ನು ಇಳಿಸಿಕೊಂಡು ಕೂತಿದ್ದಳು. ಹಿಂದೆಯೇ ಬಂದ ಇನ್ನೊಂದು ಗಾಡಿಯಲ್ಲಿ ನಾನು ಹೋಗಿ ಇಳಿಯುತ್ತಲೇ ಅತ್ತೆ ಕೇಳಿದರು: “ಸರೋಜ, ಡ್ರೈವರ್ ಎಲ್ಲಿ? ನಾಕು ಮಾತು ಕೇಳ್ಬೇಕು.”

“ಇದು ಹೊಸ ಲೈನು, ಈ ಗಾಡಿಗೆ ಡ್ರೈವರ್ ಇಲ್ಲ ಅತ್ತೆ.”

“ಊಟಕ್ಕೆ ಹೋಗಿದಾನಾ?”

“ಇಲ್ಲವೇ ಇಲ್ಲ. ತಾನೇ ಓಡುತ್ತೆ.”

ಅತ್ತೆ ಡಾಕ್ಟರಿಗೆ ತೋರಿಸಿಕೊಂಡು ಸುಧಾಳ ಮನೆ ತಲುಪಿದರು. ಆಮೇಲೆ, “ಬೈಯ್ಯಕ್ಕೆ ಒಬ್ಬ ಮನುಷ್ಯ ಇಲ್ದಿರೋ ಗಾಡಿಗೆ ನಾನಿನ್ನು ಹತ್ತಲ್ಲ” ಎಂದವರು, ಊರಿಗೆ ಬಂದ ಮೇಲೆ ಎಡಗಣ್ಣಿನ ಸುದ್ದಿಯನ್ನೇ ಎತ್ತಗೊಡುತ್ತಿಲ್ಲ. ಎಡಗಡೆ ಏನಿದ್ದರೂ ಅವರಿಗೆ ಮಂಜೇ. ಮೊನ್ನೆ ಕಣದ ಮೆಟ್ಟಿಲು ಕಾಣದೆ ಜಾರಿ, ಮೆಣಸಿನ ರಾಶಿ ಇದ್ದದ್ದರಿಂದ ಉಳಿದುಕೊಂಡರು. ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು.

ಅವರನ್ನು ಒಪ್ಪಿಸಲೆಂದೇ ಸುಧಾಳ ಗಂಡ ರಮೇಶ್ ಇವತ್ತು ಬಂದದ್ದು. ನಾನು ರಮೇಶರ ಪರವಾಗಿ ಮಾತಾಡಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಆದರೆ ಅವರು ಕಾಫಿ ಕುಡಿಯುತ್ತ, “ಟೆಕ್ನಾಲಜಿ ಅತ್ತಿಗೆ! ಜನಾನೇ ಅದಕ್ಕೆ ಹೊಂದ್ಕೋಬೇಕು” ಎಂದುಬಿಟ್ಟರು. ನನಗೆ ಎಲ್ಲಿತ್ತೋ ಸಿಟ್ಟು.

“ನಾಲ್ಕು ಮಹಡಿ ಹತ್ಸಿ ಇಳ್ಸಿ, ಮಂಡಿನೋವಿನವರ ಹತ್ರ ಹೊಂದ್ಕೊಳ್ಳಿ ಅಂತೀರಲ್ಲ ರಮೇಶ್! ಲೈಟ್ ರೈಲು ಮಾಡಿದ್ರೆ ಏನಾಗ್ತಿತ್ತು?” ಎಂದೆ. ಅದರ ಬಗ್ಗೆ ಭಾನುವಾರದ ಪುರವಣಿಯಲ್ಲಿ ಓದಿದ್ದೆ, ಮೊಬೈಲಿನಲ್ಲಿ ವಿಡಿಯೊ ನೋಡಿದ್ದೆ. ಎರಡೋ ಮೂರೋ ಪುಟ್ಟ ಬೋಗಿ, ರಸ್ತೆಯ ಮಟ್ಟದಲ್ಲೇ ಹಳಿ, ಫುಟ್‌ಪಾತಿನಿಂದ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಒಳಗೆ ಕಾಲಿಡಬಹುದು. ಸುರಂಗ ಕೊರೆಯುವುದು, ಆಕಾಶಕ್ಕೆ ಕಂಬ ನಿಲ್ಲಿಸುವುದು ಇಲ್ಲದ್ದರಿಂದ ಒಂದು ಮೆಟ್ರೊದ ಖರ್ಚಿನಲ್ಲಿ ಇನ್ನೂ ನಾಲ್ಕು ಬಡಾವಣೆ ಮುಟ್ಟಬಹುದು. ನಿಲ್ದಾಣಗಳು ಹತ್ತಿರ ಹತ್ತಿರ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಕನ್ನಡಿ ನೋಡಿಕೊಂಡು ಕೂತ ಒಬ್ಬ ಮನುಷ್ಯ.

“ಮೆಟ್ರೊದಷ್ಟು ಜನಾನ ಅದು ಹೊರಲ್ಲ. ನಮ್ಮೋರು ಹಳಿ ಮೇಲೇ ಕಾರು ನಿಲ್ಸಿ ಪಾನಿಪುರಿ ತಿನ್ನಕ್ಕೆ ಹೋಗ್ತಾರೆ” ಎಂದರು ರಮೇಶ್. ಎರಡೂ ಸುಳ್ಳಲ್ಲ. ನಾನು ಬಿಡಲಿಲ್ಲ. “ತುಂಬಾ ಜನ ಓಡಾಡೋ ಕಡೆ ಮೆಟ್ರೊ ಇರ್ಲಿ, ಬೇಡ ಅಂದೋರ್ಯಾರು? ಊರಿಗೆಲ್ಲ ಅದೇ ಯಾಕೆ? ಗಾಡಿ ಬೇಗ ಹೋಗುತ್ತೆ ಸರಿ, ಅದರ ಹತ್ರ ಹೋಗಕ್ಕೇ ಅರ್ಧ ಗಂಟೆ ಬೇಕಲ್ಲ. ಕಾರು ನಿಲ್ಸಿದ್ರೆ ಎತ್ಕೊಂಡು ಹೋಗ್ಲಿ!” ರಮೇಶ್ ಕಾಫಿ ಲೋಟ ಕೆಳಗಿಟ್ಟರು. ನಮ್ಮ ಮನೆಯವರು ಪೇಪರಿನ ಮರೆಯಿಂದ, “ಸಾಕು ಮಾರಾಯ್ತಿ, ಗೆದ್ದಿ” ಎಂದರು.

ಆಗ ಅತ್ತೆ ಮೂಲೆಯಿಂದ ಹೇಳಿದರು: “ಸರೋಜ ಹೇಳೋದು ಸರಿ ಉಂಟು. ಆ ಗಾಡಿ ಬರ್ಲಿ. ಬಂದ ಮೇಲೆ ಎಡಗಣ್ಣು ಮಾಡಿಸ್ಕೊಳ್ತೀನಿ.”

ರಮೇಶ್ ನನ್ನನ್ನು ನೋಡಿದ ರೀತಿಯನ್ನು ವರ್ಣಿಸಲಾರೆ. “ಅದು ಬರೋ ಹೊತ್ತಿಗೆ ಅತ್ತಿಗೆ ಕಣ್ಣಿಗೂ ಪೊರೆ ಬಂದಿರುತ್ತೆ” ಎಂದರು.

“ಒಳ್ಳೇದಾಯ್ತು. ಇಬ್ರೂ ಒಟ್ಟಿಗೇ ಮಾಡಿಸ್ಕೊಳ್ತೀವಿ” ಎಂದರು ಅತ್ತೆ.

ನಾನು ತಕ್ಷಣ ಪಕ್ಷ ಬದಲಿಸಿದೆ. ಮೆಟ್ರೊ ತಂಪಾಗಿರುತ್ತದೆ, ಚೊಕ್ಕಟವಾಗಿರುತ್ತದೆ, ಲಿಫ್ಟೂ ಇದೆ ಎಂದೆ. ಪೇಪರಿನ ಮರೆಯಲ್ಲಿ ಯಾರೋ ನಕ್ಕರು. “ಡ್ರೈವರ್ ಇಲ್ದಿದ್ರೆ ಎಂತಾಯ್ತು ಅತ್ತೆ? ಒಳಗೆ ಮೈಕಲ್ಲಿ ಒಬ್ಳು ಮಾತಾಡ್ತಾನೇ ಇರ್ತಾಳಲ್ಲ!”

“ಅವ್ಳು ಹೇಳಿದ್ದೇ ಹೇಳ್ತಾಳೆ. ಇನ್ನೊಬ್ರು ಹೇಳಿದ್ದು ಕೇಳಿಸ್ಕೊಳ್ಳಲ್ಲ. ನಿನ್ನ ಹಾಗೆ.”

ಕೊನೆಗೆ ನಾನೇ ಸೋತು, “ಹಾಗಾದ್ರೆ ನೀವೇ ಹೇಳಿ ಅತ್ತೆ, ಹೇಗೆ ಹೋಗೋದು?” ಎಂದೆ. ಇಷ್ಟು ದಿನ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

“ಚಿಕ್ಕಮಗಳೂರಲ್ಲಿ ಕಣ್ಣು ಮಾಡೋರು ಇಲ್ವ? ಬೆಳಿಗ್ಗೆ ಬಸ್ಸಿಗೆ ಹೋದ್ರೆ ಸಾಯಂಕಾಲ ಮನೆ. ಸುಧಾಗೆ ಬೇಜಾರಾಗುತ್ತೆ ಅಂತ ಬಾಯಿ ಬಿಡ್ಲಿಲ್ಲ.”

ರಮೇಶರೂ ನಾನೂ ಮುಖ ಮುಖ ನೋಡಿಕೊಂಡೆವು. ಅವರು ಹೊರಗೆ ಹೋಗಿ ಸುಧಾಳಿಗೆ ಫೋನು ಮಾಡಿ ಒಪ್ಪಿಸಿ ಬಂದರು. ಬುಧವಾರ ಹೋಗುವುದೆಂದಾಯಿತು.

ರಾತ್ರಿಗೆ ಕಡುಬು, ಹುರುಳಿಕಟ್ಟಿನ ಸಾರು, ಮೇಲೆ ಮಜ್ಜಿಗೆ. ಅತ್ತೆ ಒಂದು ಕಡುಬು ಜಾಸ್ತಿಯೇ ತಿಂದು ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಲೈಟ್ ರೈಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ರಮೇಶರಿಗೆ ಆ ವಿಡಿಯೊವನ್ನಾದರೂ ಪೂರ್ತಿ ತೋರಿಸೋಣವೆಂದು ಪಾತ್ರೆ ತೊಳೆದಿಟ್ಟು ಮೊಬೈಲ್ ಹಿಡಿದು ಹಜಾರಕ್ಕೆ ಬರುವಷ್ಟರಲ್ಲಿ ಅವರಿಗೂ ನಿದ್ದೆ ಬಂದಿತ್ತು. ಅಥವಾ, ನನ್ನ ಹೆಜ್ಜೆಯ ಸದ್ದು ಕೇಳಿದ ಮೇಲೆ ಬಂತು.