ಬಾಜೂ ಮನಿಯವರನ್ನ ಕೇಳ್ರಿ

ಗೋಕಾಕದಲ್ಲಿ ನಮ್ಮ ಕಾಕಾನ ವೈರ್‌ಲೆಸ್ ರಿಪೇರಿ ಅಂಗಡಿಯಲ್ಲಿ, ಮೇಜಿನ ಎಡಬದಿಗೆ, ಗೋಡೆಗೆ ಬೆನ್ನು ಹಚ್ಚಿ ನಾನು ನಿಂತಿದ್ದೆ. ಮೂರು ಮಳೆಗಾಲದ ಹಿಂದಿನ ಮಾತು. ಮುಂಜಾನೆ, ಮೊದಲ ಚಹಾ ಆಗಿತ್ತು. ಇಷ್ಟು ಖಚಿತವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಕಾಕಾನ ಸುದ್ದಿ ತೆಗೆದರೆ ಜನ ಮೊದಲು ನಗುತ್ತಾರೆ, ಆಮೇಲೆ ನಂಬುವುದಿಲ್ಲ.

ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಕಾಕಾ ಯಾರನ್ನೂ ನಂಬುತ್ತಿರಲಿಲ್ಲ! ವರ ಹೇಗೆಂದು ವರನ ಮನೆಯಲ್ಲಿ ಕೇಳಬಾರದು, ಬಾಜೂ ಮನೆಯಲ್ಲಿ, ಅಂದರೆ ಪಕ್ಕದವರಲ್ಲಿ, ಕೇಳಬೇಕು. ಸಂಬಂಧ ನೋಡುವಾಗ ನಮ್ಮ ಕಡೆ ಎಲ್ಲರೂ ಮಾಡುವುದೇ. ಕಾಕಾ ಅದನ್ನು ಎಲ್ಲದಕ್ಕೂ ಹಚ್ಚಿದರು. ಮೂಡಲಗಿ ಸಂತೆಗೆ ಎಮ್ಮೆ ತರಲು ಹೋದವರು, ಮಾರುವವನನ್ನು ಬಿಟ್ಟು ಪಕ್ಕದ ಎಮ್ಮೆಯವನ ಜೊತೆ ಮಧ್ಯಾಹ್ನದವರೆಗೆ ಮಾತಾಡಿ, ಕೊನೆಗೆ ಆ ಪಕ್ಕದವನ ಎಮ್ಮೆಯನ್ನೇ ಹೊಡೆದುಕೊಂಡು ಬಂದರು. ಅದರ ಬಗ್ಗೆ ಮಾತ್ರ ಯಾರನ್ನೂ ಕೇಳಿರಲಿಲ್ಲ. ಅದು ಒದೆಯುತ್ತಿತ್ತು. ಹೆಂಡತಿ, ಅಂದರೆ ನಮ್ಮ ಕಾಕು, ಮಾಡಿದ ಬದನೆಕಾಯಿ ಪಲ್ಯ ಹೇಗಿದೆಯೆಂದು ತಿಳಿಯಲು ಬಟ್ಟಲು ಹಿಡಿದು ಬಾಜೂ ಮನೆಗೆ ಹೋಗುವರು. ಅವರೇನು ಕಡಿಮೆಯೇ? ಬಟ್ಟಲು ಬರಿದು ಮಾಡಿ, ನಾಳೆ ಇನ್ನೊಮ್ಮೆ ತಿಂದರೆ ಹೇಳಬಹುದು ಅನ್ನುವರು!

ಯಂತ್ರಗಳಿಗೂ ಅದೇ ನ್ಯಾಯ. ವೈರ್‌ಲೆಸ್ ಸೆಟ್ಟಿನೊಳಗೆ ಸಿಗ್ನಲ್ ಹೇಗೆ ಸಾಗುತ್ತದೆಂದು ಗೆರೆ ಎಳೆದು ತೋರಿಸುವ ನೆಟ್‌ವರ್ಕ್ ಅನಲೈಸರ್ ಅಂಗಡಿಯಲ್ಲಿತ್ತು. ಅದು ಸಿಗ್ನಲನ್ನು ತಾನೇ ಕೊಟ್ಟು ತಾನೇ ಅಳೆಯಬಲ್ಲದು. ಕಾಕಾಗೆ ಸೇರದಿದ್ದುದೇ ಅದು. ಹಾಗಾಗಿ ಹೊರಗಿನ ಸಿಗ್ನಲ್ ಜನರೇಟರೊಂದನ್ನೂ ಪವರ್ ಮೀಟರೊಂದನ್ನೂ ಅದಕ್ಕೆ ಜೋಡಿಸುತ್ತಿದ್ದರು. ಜನರೇಟರ್ ಇಷ್ಟು ಕೊಟ್ಟೆ ಅನ್ನುವುದು; ಮೀಟರ್, ಥೇಟ್ ಬಾಜೂ ಮನೆಯವನಂತೆ, ಬಂದದ್ದು ಇಷ್ಟೇ ಅನ್ನುವುದು.

ಆ ಮುಂಜಾನೆ ದಡ್ಡಿ ಊರಿನ ಬಸಣ್ಣ ಬಂದು ಕೂತಿದ್ದರು. ಹೊಳೆ ಏರಿ ಫೋನು ನಿಂತರೆ ಹುಕ್ಕೇರಿಗೆ ಸುದ್ದಿ ಮುಟ್ಟಿಸಲು ಊರವರು ಇಟ್ಟುಕೊಂಡ ಸೆಟ್ಟು ಮೇಜಿನ ಮೇಲಿತ್ತು. ಅದು ಸರಿಯಿದೆ ಎಂಬ ಕಾಕಾನ ಒಂದು ಮಾತನ್ನು ಊರು ನೆಚ್ಚಿತ್ತು. ಕಾಕು ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

ಸೆಟ್ಟಿನಿಂದ ಬರುವ ಜೋರಿಗೆ ಅನಲೈಸರ್ ಸುಡದಂತೆ ನಡುವೆ ಆ ಜೋರು ತಗ್ಗಿಸುವ ಅಟೆನ್ಯುಯೇಟರ್ ಎಂಬ ಬೆರಳುಗಾತ್ರದ ಲೋಹದ ತುಂಡು ಹಾಕಬೇಕು. ಹಾಕಿದಿರೇನು ಎಂದು ಕಾಕಾನನ್ನು ಕೇಳಿದೆ. ಹಾಕೀನಿ ಅಂದರು, ತಿರುಗಿ ನೋಡದೆ. ಕೈ ಸ್ವಿಚ್ಚಿನ ಮೇಲಿತ್ತು. ತುಂಡು ಚಹಾದ ಕಪ್ಪು-ಬಸಿಯ ಬದಿಗೆ ಬಿದ್ದಿತ್ತು. ನಾನು ಅವರ ಮಣಿಕಟ್ಟು ಹಿಡಿದೆ.

ಕಾಕಾ ತುಂಡನ್ನು ಕೈಗೆತ್ತಿಕೊಂಡರು.

"ನಾ ಹಾಕೀನಿ ಅಂದ್ನಿ?"

"ಅಂದ್ರಿ, ಕಾಕಾ."

ಇಂಥದ್ದು ಎಲ್ಲರಿಗೂ ಆಗುತ್ತದೆ, ನಿಮ್ಮ ಮಾತೇ ಸಾಕು, ಸೆಟ್ಟು ಕೊಡಿ ಎಂದು ಬಸಣ್ಣ ಸಮಾಧಾನ ಹೇಳಿದರು. ಕಾಕಾ ಕೊಡಲಿಲ್ಲ. ಬಾಗಿಲ ಕಡೆ ತಿರುಗಿ ಕಾಕೂನನ್ನು ಕೇಳಿದರು:

"ಖರೇ ಹೇಳು. ಮನ್ಯಾಗೂ ಹಿಂಗ ಆಗಾಕತ್ತೈತೇನು?"

ಕಾಕು ಮೊರದಿಂದ ತಲೆ ಎತ್ತಲಿಲ್ಲ. "ದೀಪಾವಳಿಯಿಂದ ಆಗಾಕತ್ತೈತ್ರಿ."

"ಮತ್ತ ಹೇಳಲಿಲ್ಲ?"

"ನೀವು ಕೇಳ್ಲೇ ಇಲ್ಲಲ್ರಿ."

ಕಾಕಾ ಎದ್ದು ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂಡಿಸಿದರು. ಅವರೇ ಕಲಿಸಿದಂತೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಜೋಡಿಸಿದೆ. ಒಂದೊಂದು ಜೋಡಣೆಯನ್ನೂ ಅವರು ಮುಟ್ಟಿ ನೋಡಿದರು. ಪರದೆಯ ಮೇಲೆ ಗೆರೆ ನೆಟ್ಟಗೆ ಬಂತು. ಸೆಟ್ಟು ಹೇಗಿದೆ ಎಂದು ಬಸಣ್ಣ ರೂಢಿಯಂತೆ ಕಾಕಾನ ಮುಖ ನೋಡಿದರು.

"ನನ್ನ ಕೇಳಬ್ಯಾಡ್ರಿ. ಇವನ್ನ ಕೇಳ್ರಿ," ಅಂದರು ಕಾಕಾ, ನನ್ನ ಹೆಗಲ ಮೇಲೆ ಕೈಯಿಟ್ಟು.

ಆಗ ಕಾಕು ಮೊರ ಬದಿಗಿಟ್ಟು ಎದ್ದು ಬಂದು, ಪರರ ಎದುರು ಎಂದೂ ಗಂಡನ ಹೆಸರು ಸಹ ಹೇಳದವರು, ನಮ್ಮಿಬ್ಬರ ಮುಂದೆಯೇ ಕಾಕಾನ ಕೈ ಹಿಡಿದುಕೊಂಡರು.

ಕಾಕಾ ಈಗಿಲ್ಲ. ಅದನ್ನು ಕಂಡವರಲ್ಲಿ ನಾನಿದ್ದೇನೆ. ನನ್ನ ಮಾತು ನಂಬದವರು ಕೇಳಬಹುದು, ದಡ್ಡಿಯಲ್ಲಿ ಬಸಣ್ಣ ಇದ್ದಾರೆ. ಗೋಕಾಕದಲ್ಲಿ ಕಾಕು ಇದ್ದಾರೆ.