ತೂಗುಸೇತುವೆಯ ಮೇಲಿನ ಕ್ವಾಸೇಶನ್ ಕುರಿತು

ಪುರಸಭಾ ಕಾರ್ಯಾಲಯ, ಸೇತುವೆ ಮತ್ತು ಸೂಚನಾ ಫಲಕಗಳ ಶಾಖೆ
ಹಾರ್ಲ್‌ಬರಿ, ಇಂಗ್ಲೆಂಡ್

ಸಂಖ್ಯೆ: ಸೇ.ಫ./ನಡುಕ/11/1956
ದಿನಾಂಕ: 18 ಜೂನ್ 1956

ವಿಷಯ: ವೆಲ್ಲೊ ನದಿಯ ತೂಗುಸೇತುವೆಗೆ ಸಂಬಂಧಿಸಿದಂತೆ, ದಾಟುವುದನ್ನೂ ಅಲುಗಾಡುವುದನ್ನೂ ಸೂಚಿಸುವ ಲ್ಯಾಟಿನ್ ಮೂಲದ ಪದಗಳ ಬಳಕೆ, ಹಾಗೂ ಅದರಿಂದ ಒಂದು ಮದುವೆ ತಪ್ಪುವುದರಲ್ಲಿದ್ದ ಬಗ್ಗೆ.

ಉಲ್ಲೇಖ:
(1) ಈ ಶಾಖೆಯ ಫಲಕ ಆದೇಶ, ದಿನಾಂಕ 1 ಜೂನ್.
(2) ಅಂಚೆ ಗುಮಾಸ್ತೆ ಕುಮಾರಿ ಎನಿಡ್ ಟ್ಯಾಪ್‌ಸ್ಕಾಟ್ ಅವರ ಹೇಳಿಕೆ.
(3) ಅದೇ ಕುಮಾರಿಯವರ ಎರಡನೇ ಹೇಳಿಕೆ, ಏರಿದ ದನಿಯಲ್ಲಿ.

ಪ್ರಸ್ತಾವನೆ:

ಉಲ್ಲೇಖ (1)ರ ಅನ್ವಯ ಸೇತುವೆಯ ಪೂರ್ವ ತುದಿಯಲ್ಲಿ "ಕ್ವಾಸೇಶನ್ ನಿಷೇಧಿಸಿದೆ. ಡಿಕಸೇಶನ್ ಮಾಡುವವರು ದಂಡನೆಗೆ ಗುರಿಯಾಗುವರು" ಎಂಬ ಫಲಕವನ್ನು ನೆಡಲಾಗಿತ್ತು. ಮೊದಲನೆಯದಕ್ಕೆ ಅಲುಗಾಡಿಸುವುದು ಎಂದೂ ಎರಡನೆಯದಕ್ಕೆ ಕತ್ತರಿಯಾಕಾರದಲ್ಲಿ ಅಡ್ಡ ಹಾಯುವುದು ಎಂದೂ ಅರ್ಥ. ಇಷ್ಟು ಸುಲಭದ ಮಾತು ಊರಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲವೆಂಬುದು ಶಾಖೆಗೆ ಅತೀವ ನೋವು ತಂದಿದೆ. ತಿಳಿಯಲಿಲ್ಲವೆಂದು ಒಬ್ಬರೂ ಬಾಯಿ ಬಿಡಲಿಲ್ಲವೆಂಬುದು ಅದಕ್ಕಿಂತ ದೊಡ್ಡ ಫಜೀತಿ ತಂದಿದೆ.

ಈ ಸುತ್ತೋಲೆಗೆ ಕೆಳಗೆ ಸಹಿ ಮಾಡಿರುವವರು (ವಯಸ್ಸು 52, ಅವಿವಾಹಿತರು) ಕುಮಾರಿ ಟ್ಯಾಪ್‌ಸ್ಕಾಟ್ ಅವರಿಗೆ ಪತ್ರ ಬರೆದು, ತಮ್ಮನ್ನು ಮದುವೆಯಾಗಲು ಒಪ್ಪಿಗೆಯಿದ್ದಲ್ಲಿ ಜೂನ್ 9ರ ಶನಿವಾರ ನಾಲ್ಕು ಗಂಟೆಯೊಳಗೆ ಸೇತುವೆ ದಾಟಿ ಪಶ್ಚಿಮ ದಡದ ಬೆಂಚಿಗೆ ಬರುವಂತೆಯೂ, ಇಲ್ಲದಿದ್ದಲ್ಲಿ ಬರುವ ಶ್ರಮ ತೆಗೆದುಕೊಳ್ಳದಂತೆಯೂ ಕೋರಿದ್ದರು. ಬಾರದಿದ್ದಲ್ಲಿ ಸಲ್ಲಿಸತಕ್ಕ ವರ್ಗಾವಣೆ ಅರ್ಜಿಯು ಅವರ ಜೇಬಿನಲ್ಲಿ ಸಿದ್ಧವಿತ್ತು.

ಸದರಿ ದಿನ ಮಧ್ಯಾಹ್ನ 1.50ಕ್ಕೆ ನಿವೃತ್ತ ಕರ್ನಲ್ ಹೊರೇಸ್ ಪೆನ್‌ಫೋಲ್ಡ್ ಅವರು ಫಲಕ ಓದಲು ನಿಂತರು. ಕರ್ನಲ್ಲರೇ ನಿಂತಿದ್ದಾರೆಂದು ಹಿಂದಿನವರು ಸಾಲಾಗಿ ನಿಂತರು. ಸಾಲಿದೆಯಲ್ಲಾ ಎಂದು ಅವರ ಹಿಂದಿನವರು ನಿಂತರು. 2.30ರ ವೇಳೆಗೆ ಮೂವತ್ತೇಳು ಮಂದಿ. ಹತ್ತೊಂಬತ್ತನೆಯವರು ಕುಮಾರಿ ಟ್ಯಾಪ್‌ಸ್ಕಾಟ್. ಪಶ್ಚಿಮದಿಂದ ಬಂದವರು ಎದುರಿನ ಸಾಲಿಗೇ ಮೊದಲ ಹಕ್ಕೆಂದು ತಾವೂ ನಿಂತರು. ಎರಡೂ ದಡಗಳಲ್ಲಿ ಹವಾಮಾನದ ಬಗ್ಗೆ ಸವಿಸ್ತಾರ ಚರ್ಚೆ ನಡೆಯಿತು. ಬೆಂಚಿನ ಮೇಲಿದ್ದ ಕೆಳಗೆ ಸಹಿ ಮಾಡಿರುವವರು, ಜನ ತಮ್ಮ ಫಲಕವನ್ನು ತಲ್ಲೀನರಾಗಿ ಓದುತ್ತಿದ್ದಾರೆಂದು ಭಾವಿಸಿ 3.40ರವರೆಗೆ ಪುಳಕಿತರಾಗಿದ್ದರು. ಆಮೇಲೆ ಅವರಿಗೆ ಭಯವಾಯಿತು.

ಮುಂದಿನದು ಉಲ್ಲೇಖ (2)ರಿಂದ ಯಥಾವತ್ತಾಗಿ:

"ಯುದ್ಧದ ಕಾಲ್ದಲ್ಲಿ ಒಂದ್ ಮೊಟ್ಟೆಗೆ ಮೂರ್ ಗಂಟೆ ನಿಂತೋಳು ನಾನು. ಒಂದ್ಸಲಾನೂ ಸಾಲು ಮುರಿದಿಲ್ಲ. ಬೋರ್ಡ್ ಅರ್ಥ ಆಗ್ಲಿಲ್ಲ, ಕೇಳೋಕೆ ನಾಚಿಕೆ. ಇಷ್ಟ್ ಜನ ನಿಂತಿದ್ದಾರೆ ಅಂದ್ಮೇಲೆ ಏನೋ ಇರ್ಬೇಕು ಅಂದ್ಕೊಂಡೆ. ನಾಲ್ಕು ಹೊಡೀತು. ಆಚೆ ದಡದಲ್ಲಿ ಆ ಮನುಷ್ಯ ಎದ್ದು ಹ್ಯಾಟ್ ಹಾಕ್ಕೊಂಡ್ರು. ನನ್ಗೇನಾಯ್ತೋ ಗೊತ್ತಿಲ್ಲ. 'ಕರ್ನಲ್ ಸಾಹೇಬ್ರೇ, ಕ್ಷಮಿಸಿ, ಒಂಚೂರು ಸರೀರಿ' ಅಂದೋಳೇ ಓಡ್ದೆ."

ಸಾಲು ಹೊರಟಿತೆಂದು ಭಾವಿಸಿದ ಉಳಿದ ಮೂವತ್ತಾರು ಮಂದಿಯೂ, ಕ್ರಮ ತಪ್ಪದಂತೆ, ಅವರ ಹಿಂದೆಯೇ ಓಡಿದರು. ಸೇತುವೆಯು ಹನ್ನೊಂದು ನಿಮಿಷ ತೂಗಾಡಿತು. ಕರ್ನಲ್ಲರ ಪೈಪು ನದಿಯ ಪಾಲಾಯಿತು.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಹಳೆಯ ಫಲಕವನ್ನು ಕಿತ್ತು, "ಕುಣಿಯಬೇಡಿ. ಎಡಗಡೆ ನಡೆಯಿರಿ" ಎಂಬ ಫಲಕ ಹಾಕಲಾಗಿದೆ. ಇದನ್ನು ಬರೆಯುವಾಗ ಕೆಳಗೆ ಸಹಿ ಮಾಡಿರುವವರ ಕೈ ಎರಡು ಬಾರಿ ಹಿಂಜರಿಯಿತು.

2. ಅರ್ಥವಾಗದ ಫಲಕದ ಮುಂದೆ ಅರ್ಥವಾದವರಂತೆ ತಲೆಯಾಡಿಸುವುದನ್ನು ನಿಷೇಧಿಸಲಾಗಿದೆ.

3. ಯಾವುದೇ ಸಾಲಿನಲ್ಲಿ ಪ್ರತಿ ಹನ್ನೆರಡನೆಯ ವ್ಯಕ್ತಿಯು "ಏನ್ರೀ ಇದು, ಯಾಕ್ ನಿಂತಿದ್ದೀವಿ?" ಎಂದು ಗಟ್ಟಿಯಾಗಿ ಕೇಳತಕ್ಕದ್ದು. ಹಾಗೆ ಕೇಳಿದವರನ್ನು ಮುಂದಿನ ಕ್ರಿಸ್‌ಮಸ್ ಚಹಾಕೂಟಕ್ಕೆ ಕರೆಯದೆ ಇರತಕ್ಕದ್ದಲ್ಲ.

4. ಕ್ವಾಸೇಶನ್ ಎಂಬುದು ನಾಯಿಗಳು ಮಾಡುವ ಯಾವುದೋ ಕೆಲಸವೆಂದು ತಿಳಿದು ಶ್ರೀಮತಿ ಬೆರಿಲ್ ಹಿಬರ್ಟ್ ಅವರು ತಮ್ಮ ನಾಯಿಯನ್ನು ಎಂಟು ದಿನ ಹೊರಗೆ ಬಿಟ್ಟಿರುವುದಿಲ್ಲ. ಸದರಿ ನಾಯಿಯು ನಿರ್ದೋಷಿ. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಕ್ವಾಸೇಶನ್ ವಿರುದ್ಧ ನೀಡಿದ ಎಚ್ಚರಿಕೆಯನ್ನು ಹಿಂಪಡೆಯತಕ್ಕದ್ದು. ಅದನ್ನು ಕೇಳಿ ತಪ್ಪೊಪ್ಪಿಕೊಂಡ ಇಬ್ಬರ ಹೆಸರನ್ನು ಗೋಪ್ಯವಾಗಿಡತಕ್ಕದ್ದು.

5. ಶಾಖೆಯ ದಾಸ್ತಾನಿನಲ್ಲಿ ಉಳಿದಿರುವ ಸಕ್ಕಸೇಶನ್ (ಕುಲುಕುತ್ತಾ ಓಡುವುದು), ಟ್ರಾನ್ಸ್‌ಪಾಂಟೈನ್ (ಸೇತುವೆಯಾಚೆಯ) ಮತ್ತು ಜ್ಯಾಕ್ಟಿಟೇಶನ್ (ಹಾಸಿಗೆಯಲ್ಲಿ ಹೊರಳಾಡುವುದು) ಪದಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗಿದೆ. ಇವುಗಳಲ್ಲಿ ಕೊನೆಯದನ್ನು ಕೆಳಗೆ ಸಹಿ ಮಾಡಿರುವವರು ಪತ್ರ ಹಾಕಿದ ದಿನದಿಂದ ಸ್ವಂತಕ್ಕೆ ಬಳಸಿಕೊಂಡಿದ್ದು, ಅದನ್ನು ಮನ್ನಿಸಲಾಗಿದೆ.

6. ಕುಮಾರಿಯವರ ಓಟವು ನಿಷೇಧಿತ ಕೃತ್ಯವೇ ಆಗಿತ್ತು. ಕಿರಿಯ ಗುಮಾಸ್ತ ಡೆಸ್ಮಂಡ್ ಫಿಚ್ ಅವರು ದಂಡದ ವಿಷಯ ಎತ್ತಿದಾಗ ದಾಖಲಾದ ಉಲ್ಲೇಖ (3) ಹೀಗಿದೆ: "ದಂಡ ಹಾಕ್ತೀಯಾ? ಹಾಕಪ್ಪಾ! ಆ ಬೋರ್ಡು ಬರೆದ ಮಹಾನುಭಾವನ್ನ ಹಿಡಿಯೋಕೇ ಕಣಪ್ಪಾ ನಾನು ಓಡಿದ್ದು! ಇನ್ಮೇಲೆ ನನ್ಗೆ ಅರ್ಥ ಆಗೋ ಹಾಗೆ ಬರೀಲಿ, ಇಲ್ಲಾಂದ್ರೆ ನನ್ನುತ್ರ ನನ್ಗೆ ವಾಪಸ್ ಕೊಡ್ಲಿ." ಸ್ಥಳದಲ್ಲಿದ್ದ ಏಕೈಕ ಅಧಿಕಾರಿಯು ಆ ಹೊತ್ತಿಗೆ ಸಂತೋಷದಿಂದ ಅಳುತ್ತಿದ್ದ ಕಾರಣ ಪ್ರಕರಣವನ್ನು ಕೈಬಿಡಲಾಗಿದೆ.

7. ಉತ್ತರವನ್ನು ವಾಪಸ್ ಕೊಡಲಾಗುವುದಿಲ್ಲ. ಬೆಂಚಿನ ಬಳಿ ಏದುಸಿರು ಬಿಡುತ್ತಾ ನೀಡಲಾದ ಸದರಿ ಉತ್ತರವು "ಹೂಂ" ಎಂದಿದ್ದು, ಅದರ ಅರ್ಥಕ್ಕಾಗಿ ನಿಘಂಟು ತೆರೆಯುವ ಪ್ರಮೇಯವೇ ಬರಲಿಲ್ಲ. ಇನ್ನು ಮುಂದೆ ಶಾಖೆಯ ಎಲ್ಲ ಫಲಕಗಳೂ ಇದೇ ಮಾದರಿಯಲ್ಲಿರತಕ್ಕದ್ದೆಂದು ಆದೇಶಿಸಲಾಗಿದೆ.

(ಸಹಿ)
ಲಯೊನೆಲ್ ಥ್ರಪ್
ಮುಖ್ಯ ಗುಮಾಸ್ತರು, ಸೇತುವೆ ಮತ್ತು ಸೂಚನಾ ಫಲಕಗಳ ಶಾಖೆ

ಪ್ರತಿಗಳು:
1. ಕರ್ನಲ್ ಪೆನ್‌ಫೋಲ್ಡ್ ಅವರಿಗೆ, ಹೊಸ ಪೈಪಿನೊಂದಿಗೆ.
2. ಪಾದ್ರಿಗಳಿಗೆ, ಜುಲೈ 14ರ ಬೆಳಿಗ್ಗೆ ಇಗರ್ಜಿಯನ್ನು ಕಾಯ್ದಿರಿಸುವ ಕೋರಿಕೆಯೊಂದಿಗೆ.
3. ಶ್ರೀಮತಿ ಹಿಬರ್ಟ್ ಅವರ ನಾಯಿಗೆ, ಓದಿ ಹೇಳಲು.
4. ಕುಮಾರಿ ಟ್ಯಾಪ್‌ಸ್ಕಾಟ್ ಅವರಿಗೆ, ಅರ್ಥವಾಯಿತೇ ಎಂದು ತಿಳಿಸಲು.
5. ಕೆಳಗೆ ಸಹಿ ಮಾಡಿರುವವರ ತಾಯಿಯವರಿಗೆ. ಅವರು ಇನ್ನೂ ನಂಬದೇ ಇರುವುದರಿಂದ, ಮೊಹರಿನೊಂದಿಗೆ.