ಗಣಪತಿಗೆ ಪಕ್ಕಾ, ತಪ್ಪಿದರೆ ದೀಪಾವಳಿಗೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ಅದು ಕಾಯುವವರೆಗೆ ನಿಲ್ಲುವ ತಾಳ್ಮೆಯಿಲ್ಲದೆ ಬಾಲ್ಕನಿಗೆ ಹೋಗುತ್ತೇನೆ, ವಾಪಸು ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯನ್ನೂ ದಾಟಿರುತ್ತದೆ. ಡೊಂಬಿವಲಿ ಸ್ಟೇಶನ್ನಿನಲ್ಲಿ ಲೋಕಲ್ ಬರಲು ಮೂರು ನಿಮಿಷವಿದೆ ಎಂದು ಇಂಡಿಕೇಟರ್ ತೋರಿಸಿದರೆ, ಆ ಮೂರು ನಿಮಿಷದಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ಈ ತುದಿಗೆ ಬಂದು, ಕೊನೆಗೆ ಹೆಂಗಸರ ಡಬ್ಬಿ ನಿಲ್ಲುವ ಜಾಗದಿಂದ ದೂರವೇ ಉಳಿಯುತ್ತೇನೆ. ನಮ್ಮವರು ಮದುವೆಯಾದ ಹೊಸದರಲ್ಲಿ ಇದನ್ನು ಚುರುಕುತನ ಎಂದು ತಿಳಿದಿದ್ದರು. ಇಂಥ ನನಗೆ ದೇವರು ಹುಡುಕಿ ಕೊಟ್ಟ ಉದ್ಯೋಗ ಯಾವುದು ಗೊತ್ತೇ? ಊರವರಿಗೆಲ್ಲ ಫೋನಿನಲ್ಲಿ 'ಸ್ವಲ್ಪ ಕಾಯಿರಿ' ಎಂದು ಹೇಳುವುದು.

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ಒಂದು ಮನರಂಜನಾ ಪಾರ್ಕು ಕಟ್ಟುತ್ತಿದ್ದರು. ನೀರಿನ ಜಾರುಬಂಡೆ, ಭೂತದ ಮನೆ, ಎಲ್ಲಕ್ಕಿಂತ ಎತ್ತರಕ್ಕೆ ಒಂದು ಜೈಂಟ್ ವೀಲ್. ವೀಲಿನ ತುದಿಯಲ್ಲಿ ಕೂತರೆ ಒಂದು ಕಡೆ ಸಮುದ್ರದಿಂದ ಒಳಸರಿದ ಖಾಡಿಯ ನೀರು, ಇನ್ನೊಂದು ಕಡೆ ಮಾಥೇರಾನಿನ ಗುಡ್ಡ ಕಾಣುತ್ತದೆ ಎಂದು ಪೇಪರಿನಲ್ಲಿ ಜಾಹೀರಾತು ಬಂದಿತ್ತು. ಆ ಜಾಹೀರಾತಿನ ಕೆಳಗಿದ್ದ ಫೋನ್ ನಂಬರಿನ ಇನ್ನೊಂದು ತುದಿಯೇ ನಾನು. ಗೇಟಿನ ಪಕ್ಕದ ತಗಡಿನ ಕ್ಯಾಬಿನ್ನಿನಲ್ಲಿ ಕೂತು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದೇ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕೆಲಸ. ಪಾರ್ಕು ಯಾವಾಗ ಶುರು?

ಸೈಟಿನ ಮುಖ್ಯಸ್ಥರು ಸಾವಂತ ಸಾಹೇಬರು. ಬಹಳ ಒಳ್ಳೆಯವರು, ಯಾರಿಗೂ ಇಲ್ಲ ಎನ್ನುವವರಲ್ಲ. ದಿನಾಂಕ ಕೇಳಿದರೆ ಒಂದಲ್ಲ, ಎರಡು ಕೊಡುತ್ತಿದ್ದರು. ಗಣಪತಿಗೆ ಪಕ್ಕಾ, ತಪ್ಪಿದರೆ ದೀಪಾವಳಿಗೆ. ಗಣಪತಿ ಬಂದಾಗ ಮಳೆಯಿಂದ ಅಡಿಪಾಯದ ಗುಂಡಿಯಲ್ಲಿ ಕಪ್ಪೆ ವಟಗುಟ್ಟುತ್ತಿತ್ತು. ದೀಪಾವಳಿಗೆ ನೆಲದಲ್ಲಿ ಕರಿಬಂಡೆ ಸಿಕ್ಕಿತು. ಯುಗಾದಿಗೆ ವೀಲಿನ ಬಿಡಿಭಾಗಗಳು ಹಡಗಿನಲ್ಲಿ ಬಂದವು, ಅವುಗಳ ಕಾಗದಪತ್ರ ಬರಲಿಲ್ಲ. ಕಾಗದ ಬಂದಾಗ ಕ್ರೇನಿನವನು ಭಿವಂಡಿಯ ಗೋದಾಮಿನ ಕೆಲಸಕ್ಕೆ ಹೋಗಿಬಿಟ್ಟಿದ್ದ. ಪ್ರತಿ ಸಲವೂ ಗೇಟಿನ ಬೋರ್ಡಿನ ಮೇಲೆ ಹಳೆಯ ದಿನಾಂಕವನ್ನು ಮುಚ್ಚಿ ಹೊಸ ಸ್ಟಿಕರು. ಐದನೆಯದನ್ನು ಅಂಟಿಸುವಾಗ ಕೆಳಗಿನ ನಾಲ್ಕೂ ಕಿತ್ತುಕೊಂಡು ಬಂದು, ಬೋರ್ಡಿನಲ್ಲಿ ಅಚ್ಚಾಗಿದ್ದ ಮೊಟ್ಟಮೊದಲ ದಿನಾಂಕ ಮತ್ತೆ ಮುಖ ತೋರಿಸಿತು. ಆಗಲೇ ಎರಡು ವರ್ಷ ಹಿಂದಿನದು.

ಆಫೀಸಿನಲ್ಲಿ ಹೀಗಾದರೆ ಮನೆಯಲ್ಲಿ ನನ್ನ ಅತ್ತೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷವಾಯಿತು. ಮಾವ ಕಲ್ಯಾಣದಲ್ಲಿ ಹೋಟೆಲು ನಡೆಸುವಾಗ ಅಡುಗೆಮನೆ ನೋಡಿಕೊಂಡ ಗಟ್ಟಿ ಹೆಂಗಸು. ನಮ್ಮ ಜೊತೆ ತುಳು, ಹೊರಗಿನವರ ಜೊತೆ ಕನ್ನಡ, ತರಕಾರಿಯವನ ಜೊತೆ ಮಾತ್ರ ಮರಾಠಿ. ಸೊಸೆ ಪಾರ್ಕಿನವಳು ಎಂದು ಬಿಲ್ಡಿಂಗಿನ ಭಜನಾ ಮಂಡಳಿಗೆಲ್ಲ ಹೇಳಿಕೊಂಡು ಬಂದಿದ್ದರು. ವೀಲಿನಲ್ಲಿ ಮೊದಲು ಕೂರುವವಳು ತಾನೇ ಎಂದೂ ಸಾರಿದ್ದರು. ಮಂಡಳಿಯವರು ದಿನಾ ಲಿಫ್ಟಿನಲ್ಲಿ ವಿಚಾರಿಸುವುದು, ಅತ್ತೆ ರಾತ್ರಿ ಊಟಕ್ಕೆ ಕೂತಾಗ ಅದನ್ನು ನನಗೆ ದಾಟಿಸುವುದು. ನನ್ನ ಮಗಳಂತೂ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವಳು, 'ಮಮ್ಮಿ, ರಹನೇ ದೋ' ಎಂದು ಪಾರ್ಕಿನ ವಿಚಾರವನ್ನೇ ಕೈಬಿಟ್ಟಿದ್ದಳು.

ಇಷ್ಟರ ನಡುವೆ ಅಣ್ಣಿಗೇರಿಯವರ ಫೋನು ಶುರುವಾಯಿತು. ಮೊದಲ ಸಲ ಅವರು ಮಾತಾಡಿದ್ದು ಮರಾಠಿಯಲ್ಲಿ. ನಾನು ದಿನಾಂಕ ಹೇಳುವಾಗ ಬಾಯಿ ತಪ್ಪಿ 'ಅಯ್ಯೋ ದೇವರೇ' ಎಂದೆ. ಅಷ್ಟೇ, ಆ ಕಡೆಯಿಂದ ಧಾರವಾಡದ ಕನ್ನಡ ಹರಿಯತೊಡಗಿತು. ವಿಠ್ಠಲವಾಡಿಯಲ್ಲಿ ಮನೆ, ರೈಲ್ವೆಯ ವಿಚಾರಣಾ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಅಂದಿನಿಂದ ಪ್ರತಿ ಸೋಮವಾರ ಹನ್ನೊಂದಕ್ಕೆ ಅವರ ಫೋನು. ನಾನು ದಿನಾಂಕ ಹೇಳುವುದು, ಅವರು ಬರೆದುಕೊಳ್ಳುವುದು. ಮೂರನೆಯ ದಿನಾಂಕವೂ ತಪ್ಪಿದಾಗ ಅವರು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದರು:

"ತಂಗೀ, ಒಂದ ಮಾತು ಖರೇ ಹೇಳವಾ. ಗಾಡಿ ತಡಾ ಅಂದ್ರ ಜನಾ ತಡಕೋತಾರ. ಎಷ್ಟ ತಡಾ ಅಂತ ಹೇಳಲಿಲ್ಲಂದ್ರ ತಡಕೊಳ್ಳೂದಿಲ್ಲ. ನಮ್ಮ ಮನಿಯಾಕಿಗೆ ಕಣ್ಣು ಕಮ್ಮಿ ಆಗ್ಲಿಕ್ಕೆ ಹತ್ತ್ಯಾವ."

ಆಮೇಲೆ ವಿವರ ಬಂತು. ಅವರ ಹೆಂಡತಿ ಸುಶೀಲಾಬಾಯಿಯವರಿಗೆ ಕಣ್ಣಿನ ಅಂಚಿನಿಂದ ನೋಟ ಸ್ವಲ್ಪ ಸ್ವಲ್ಪವೇ ಕರಗುತ್ತಿದೆಯಂತೆ, ಹೋದದ್ದು ತಿರುಗಿ ಬರುವಂಥದ್ದಲ್ಲವಂತೆ. ಹುಣಸೆಹಣ್ಣಿನ ಬೀಜ ಆರಿಸಲು ಕೂತರೆ ಅರ್ಧ ಬೀಜ ಸಾರಿನಲ್ಲಿ ಸಿಗುತ್ತದಂತೆ. ಮದುವೆಯಾದಾಗಿನಿಂದ ಅವರು ಇದ್ದದ್ದು ರೈಲ್ವೆ ಗೋಡೆಯ ಹಿಂದಿನ ನೆಲಮಾಳಿಗೆಯಂಥ ಕೆಳಗಿನ ಮನೆಯಲ್ಲಿ. ಕಿಟಕಿ ತೆಗೆದರೆ ಗೋಡೆ. ಪೇಪರಿನ ಜಾಹೀರಾತಿನ ಚಿತ್ರವನ್ನು ಆಕೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಇಷ್ಟು ದೂರ ಒಂದು ಸಲ ನೋಡಬೇಕು ಎಂದಿದ್ದರಂತೆ. ಮನೆಯಾಕೆ ಬಾಯಿ ಬಿಟ್ಟು ಕೇಳಿದ್ದು ಇದೊಂದೇ ಎಂದು ಅಣ್ಣಿಗೇರಿಯವರು ಹೇಳಿದಾಗ ನಾನು ರಿಸೀವರು ಹಿಡಿದುಕೊಂಡೇ ಎದ್ದು ನಿಂತಿದ್ದೆ. ವಯರು ಉದ್ದವಿದ್ದಿದ್ದರೆ ಗೇಟಿನವರೆಗೂ ಹೋಗುತ್ತಿದ್ದೆನೋ ಏನೋ.

ಅವತ್ತಿನಿಂದ ನನ್ನ ಚಡಪಡಿಕೆ ಸೈಟಿನವರ ತಲೆನೋವಾಯಿತು. ದಿನಕ್ಕೆ ಮೂರು ಸಲ ವೀಲಿನ ಬುಡಕ್ಕೆ ಹೋಗಿ ಎಂಜಿನಿಯರನನ್ನು ಕೇಳುವುದು, ಎಷ್ಟು ಬೋಲ್ಟು ಬಾಕಿ. ಆತ ನನ್ನನ್ನು ಕಂಡರೆ ಹೆಲ್ಮೆಟ್ಟು ಕೆಳಗೆಳೆದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದ. ಅಣ್ಣಿಗೇರಿಯವರಿಗೆ ಮಾತ್ರ ನಾನು ದಿನಾಂಕ ಹೇಳುವುದನ್ನು ಬಿಟ್ಟೆ. ಈ ವಾರ ವೀಲಿಗೆ ಜನ ಕೂರುವ ಡಬ್ಬಿ ಇಷ್ಟು ಜೋಡಿಸಿದರು, ಈ ವಾರ ಏನೂ ಆಗಲಿಲ್ಲ, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಸಾವಂತ ಸಾಹೇಬರಿಗೆ ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು. ಗೊತ್ತಾಗದೆ ಉಳಿದದ್ದು ಕನ್ನಡದ ದಯೆ.

ಕೊನೆಗೂ ವೀಲು ತಿರುಗಿತು. ಮೊದಲು ಮರಳಿನ ಚೀಲಗಳನ್ನು ಕೂರಿಸಿ ತಿರುಗಿಸಿದರು. ತಪಾಸಣೆಯವರು ಬಂದು ಪರವಾನಗಿ ಕೊಟ್ಟರು. ಆಮೇಲೆ ನೋಟೀಸು ಹಚ್ಚಿದರು: ಉದ್ಘಾಟನೆಗೆ ಮುಂಚೆ ಒಂದು ದಿನ ಟ್ರಯಲ್, ಪ್ರತಿಯೊಬ್ಬ ನೌಕರರ ಮನೆಯಿಂದ ಇಬ್ಬರು ಬರಬಹುದು, ಸಂಬಂಧವನ್ನು ಫಾರ್ಮಿನಲ್ಲಿ ಬರೆಯಬೇಕು. ಆ ಫಾರ್ಮನ್ನು ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಮೂರನೆಯ ದಿನ ಬೆಳಿಗ್ಗೆ ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ತೊಡೆಯ ಮೇಲಿಟ್ಟುಕೊಂಡು ಬರೆದೆ. ಅಣ್ಣಿಗೇರಿ, ಚಿಕ್ಕಪ್ಪ. ಸುಶೀಲಾಬಾಯಿ, ಚಿಕ್ಕಮ್ಮ. ಉದ್ಘಾಟನೆಯನ್ನು ನಂಬಿ ಅವರನ್ನು ಇನ್ನೊಂದು ಹಬ್ಬದವರೆಗೆ ಕಾಯಿಸುವ ಧೈರ್ಯ ನನಗಿರಲಿಲ್ಲ. ಅತ್ತೆಗೆ, ಟ್ರಯಲ್ ಮುಂದೆ ಹೋಗಿದೆ ಎಂದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದರು. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಗೇಟಿನಲ್ಲಿ ಕೇಳಿದರೆ ನನ್ನ ಚಿಕ್ಕಪ್ಪ, ಚಿಕ್ಕಮ್ಮ ಎನ್ನಿ ಎಂದು ಫೋನಿನಲ್ಲಿ ಹೇಳಿಟ್ಟಿದ್ದೆ. ಟ್ರಯಲ್ ದಿನ ಇಬ್ಬರೂ ಬಂದರು. ಸುಶೀಲಾಬಾಯಿಯವರು ಇಳಕಲ್ ಸೀರೆ ಉಟ್ಟಿದ್ದರು, ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದರು. ಅಣ್ಣಿಗೇರಿಯವರು ನನ್ನದೇ ಜಾತಿಯವರು ಎಂದು ನೋಡಿದ ಕೂಡಲೇ ತಿಳಿಯಿತು: ನಿಂತಲ್ಲಿ ನಿಲ್ಲದೆ, ಚಪ್ಪಲಿ ಸರಿಮಾಡುತ್ತ, ಗಡಿಯಾರ ನೋಡುತ್ತ, ಹೆಂಡತಿಗಿಂತ ಮೊದಲು ಡಬ್ಬಿಯಲ್ಲಿ ಕೂತು ಆಮೇಲೆ ಎದ್ದು ಅವರನ್ನು ಕೂರಿಸಿದರು. ಬಾಗಿಲು ಹಾಕಿದರು, ವೀಲು ಮೇಲಕ್ಕೆ ಹೋಯಿತು. ಅವರ ಡಬ್ಬಿ ತುತ್ತತುದಿಗೆ ಮುಟ್ಟಿದ್ದೇ ತಡ, ವೀಲು ನಿಂತಿತು.

ಎಂಜಿನಿಯರ್ ಹೆದರಬೇಡಿ ಎಂದ. ಯಾವುದೋ ಸೆನ್ಸರ್ ತಾನಾಗಿ ವೀಲನ್ನು ನಿಲ್ಲಿಸಿದೆ, ಮೇಲಿರುವವರು ಕ್ಷೇಮ, ಪೂರ್ತಿ ಪರೀಕ್ಷಿಸದೆ ತಿರುಗಿಸುವುದಿಲ್ಲ ಎಂದ. ನಾನು ಬೇಲಿಯ ಸುತ್ತ ನಡೆಯತೊಡಗಿದೆ. ಇಲ್ಲದ ಚಿಕ್ಕಪ್ಪ ಚಿಕ್ಕಮ್ಮನನ್ನು ಸೃಷ್ಟಿಸಿ ಆಕಾಶಕ್ಕೆ ಏರಿಸಿದ ಪಾಪ ಯಾವ ತೀರ್ಥದಲ್ಲಿ ಕಳೆಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಗ ನನ್ನ ಮೊಬೈಲು ರಿಂಗಾಯಿತು. ಮೇಲಿನಿಂದ ಅಣ್ಣಿಗೇರಿಯವರು. ಇದು ಯಾವಾಗ ಇಳೀತದ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ನನ್ನ ಬಾಯಿಂದ ಅಭ್ಯಾಸಬಲದಿಂದ 'ಶೀಘ್ರದಲ್ಲೇ' ಎಂದು ಬಂದುಬಿಟ್ಟಿತು. ತಕ್ಷಣ ನಾಲಿಗೆ ಕಚ್ಚಿಕೊಂಡು, ಗೊತ್ತಿಲ್ಲ ಸಾರ್, ಕೇಳಿ ಹೇಳುತ್ತೇನೆ ಎಂದೆ.

ಇಪ್ಪತ್ತು ನಿಮಿಷದ ನಂತರ ಇಳಿದರು. ಅಣ್ಣಿಗೇರಿಯವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಸುಶೀಲಾಬಾಯಿಯವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

"ಭಾಳ ಛಲೋ ಆತವಾ, ನಿಂತದ್ದು," ಎಂದರು. "ತಿರುಗೂದರಾಗ ನನಗ ಏನೂ ಕಾಣ್ತಿದ್ದಿಲ್ಲ. ನಿಂತಮ್ಯಾಲೆ ನೀರು ಕಂಡಿತು, ಗುಡ್ಡಾ ಕಂಡಿತು. ಇವರೂ ಒಂದ ಜಾಗಾದಾಗ ಇಪ್ಪತ್ತು ಮಿನಿಟು ಕೂತಿದ್ದು ಲಗ್ನಾದಮ್ಯಾಲೆ ಇದ ಮೊದಲ."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪುಣ್ಯವಂತೆಯಾಗುತ್ತಿದ್ದೆ. ಮರುದಿನ ಭಾನುವಾರ, ಸಂಜೆ ನಾಲ್ಕಕ್ಕೆ, ಆ ದಂಪತಿ ವಿಳಾಸ ಕೇಳಿಕೊಂಡು ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ ನಮ್ಮ ಮನೆಗೇ ಬಂದರು. ಬಾಗಿಲು ತೆಗೆದದ್ದು ಅತ್ತೆ. ಫಾರ್ಮಿನಲ್ಲಿ ಬರೆದದ್ದನ್ನು ಅಣ್ಣಿಗೇರಿಯವರು ಸಂತೋಷದಿಂದ ಒಪ್ಪಿಕೊಂಡಿದ್ದರೆಂದು ಕಾಣುತ್ತದೆ, ತಾವು ನನ್ನ ಚಿಕ್ಕಪ್ಪ ಎಂದೇ ಪರಿಚಯ ಹೇಳಿಕೊಂಡರು. ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯ ಪ್ರತಿ ತಲೆಯನ್ನೂ ಎಣಿಸಿದ್ದ ನನ್ನ ಅತ್ತೆ, ನನ್ನ ಮುಖವನ್ನು ಒಮ್ಮೆ ನೋಡಿ, ಒಳಗೆ ಬನ್ನಿ ಎಂದರು. ಚಹಾ ಮಾಡಿದರು. ಸುಶೀಲಾಬಾಯಿಯವರು ಖಾಡಿಯ ನೀರು ಬಿಸಿಲಿಗೆ ಹೇಗಿತ್ತು ಎಂದು ಹೇಳುತ್ತ ಹೋದ ಹಾಗೆ ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನಾನು ಅಡುಗೆಮನೆಗೂ ಹೊರಗಿನ ಕೋಣೆಗೂ ನಡುವೆ ಓಡಾಡುತ್ತಿದ್ದೆ.

ಅವರು ಹೋದ ಮೇಲೆ ಅತ್ತೆ ಲೋಟ ತೊಳೆಯುತ್ತ ತುಳುವಿನಲ್ಲಿ ಕೇಳಿದರು, "ಇಂಥವರನ್ನು ಕರೆದುಕೊಂಡು ಹೋಗ್ತೇನೆ ಅಂತ ಹೇಳಿದ್ದರೆ ನಾನು ಬೇಡ ಅಂತಿದ್ದೆನಾ?"

ಎರಡು ವರ್ಷ ದಿನಾಂಕ ಹೇಳಿ ಹೇಳಿ, ಮನೆಯ ಮನುಷ್ಯರನ್ನು ಸುಮ್ಮನೆ ಕೇಳಿ ನೋಡಬಹುದು ಎಂಬುದೇ ನನಗೆ ಮರೆತುಹೋಗಿತ್ತು. ಅತ್ತೆ ಲೋಟ ಬೋರಲು ಹಾಕಿ ಇನ್ನೊಂದು ಕೇಳಿದರು. ನೀನು ಅದರಲ್ಲಿ ಕೂತದ್ದುಂಟಾ?

ನಿಮ್ಮ ಹತ್ತಿರ ಮುಚ್ಚುವುದೇನು, ನನಗೆ ಎತ್ತರವೆಂದರೆ ಹೆದರಿಕೆ. ಪಾರ್ಕು ಶುರುವಾಗಿ ಈಗ ಐದು ತಿಂಗಳು. ಅತ್ತೆ ಭಜನಾ ಮಂಡಳಿಯನ್ನೆಲ್ಲ ಕಟ್ಟಿಕೊಂಡು ಎರಡು ಸಲ ಹತ್ತಿ ಇಳಿದರು. ನೀನು ಯಾವಾಗ ಎಂದು ನನ್ನನ್ನು ಕೇಳುತ್ತಲೇ ಇದ್ದಾರೆ. ಮಳೆ ಹೋಗಲಿ ಎಂದೆ, ಮಳೆ ಹೋಯಿತು. ಮಗಳ ಪರೀಕ್ಷೆ ಎಂದೆ, ಪರೀಕ್ಷೆ ಮುಗಿಯಿತು. ಬೆನ್ನುನೋವು ಎಂದೆ, ಅತ್ತೆ ಎಣ್ಣೆ ಕಾಯಿಸಿ ತಂದರು. ಈಗ ಹೊಸ ವರ್ಷಕ್ಕೆ ಖಂಡಿತ ಎಂದು ಮಾತು ಕೊಟ್ಟಿದ್ದೇನೆ. ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ, ಪೆನ್ಸಿಲಿನಿಂದ. ಪೆನ್ನು ಪಕ್ಕದಲ್ಲೇ ಇತ್ತು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ನಾನು ಕೇಳಲು ಹೋಗಲಿಲ್ಲ.